ಮುರಿಯದ ಪಿನ್ನು

ನಾನು ಕಿರುಬೆರಳಿನ ಗೆಣ್ಣಿನಷ್ಟು ಉದ್ದದ ಉಕ್ಕಿನ ಪಿನ್ನು. ಹುಟ್ಟಿದಾಗ ಹೀಗಿರಲಿಲ್ಲ. ಆಗ ನಾನು ಗೇಣುದ್ದದ ಕದಿರು. ಬೆಟಗೇರಿಯ ಒಂದು ಓಣಿಯಲ್ಲಿ, ರೇವವ್ವ ಎಂಬ ಹುಡುಗಿಯ ತಾಯಿಯ ರಾಟೆಯಲ್ಲಿ ಕೂತು ತಿರುಗುವುದೇ ನನ್ನ ಬಾಳಾಗಿತ್ತು. ತಾಯಿ ಚಕ್ರ ತಿರುಗಿಸುವಳು, ನನಗೆ ಸಿಕ್ಕಿಸಿದ ಕಂಡಿಕೆಯೆಂಬ ಪುಟ್ಟ ಕೊಳವೆಗೆ ನೂಲು ಸುತ್ತಿಕೊಳ್ಳುವುದು. ನೇಕಾರರ ಮನೆಯವರು ಬಂದು ತುಂಬಿದ ಕಂಡಿಕೆ ಒಯ್ಯುವರು. ತಾಯಿಯ ಕಣ್ಣು ಮಂಜಾದ ಮೇಲೆ ರೇವವ್ವ ರಾಟೆಯ ಮುಂದೆ ಕೂತಳು. ಅವಳ ಬೆರಳುಗಳ ಗುರುತು ನನಗೆ ಚೆನ್ನಾಗಿದೆ. ನೂಲು ಹರಿದರೆ ಸಿಡಿಮಿಡಿ ಮಾಡುತ್ತಿರಲಿಲ್ಲ. ಚಕ್ರ ನಿಲ್ಲಿಸಿ, ಎರಡೂ ತುದಿ ಹುಡುಕಿ, ಎಂಜಲು ಹಚ್ಚಿ ಹೊಸೆದು ಮತ್ತೆ ತಿರುಗಿಸುತ್ತಿದ್ದಳು.

ಮದುವೆಯಾಗಿ ಹೋಗುವಾಗ ರಾಟೆಯನ್ನೂ ಕರೆದುಕೊಂಡು ಹೋದಳು. ಗಂಡ ಮೌನೇಶಪ್ಪ ಕಮ್ಮಾರ. ಅವನ ಅಪ್ಪ ಕುಳ, ಕುಡುಗೋಲು ಬಡಿದ ಕುಲುಮೆಯಲ್ಲೇ ಅವನು ಸೈಕಲ್ಲಿಗೆ ಎಂಜಿನ್ನು ಕೂರಿಸುವ ಕೆಲಸ ಹಿಡಿದಿದ್ದ. ಬೆಳೆಗೆ ಔಷಧ ಹೊಡೆಯುವ ಪಂಪಿನ ಹಳೆಯ ಪುಟ್ಟ ಎಂಜಿನ್ನು ತಂದು, ಸೈಕಲ್ಲಿನ ನಡುವೆ ಕಟ್ಟಿ, ಚೈನು ಜೋಡಿಸಿ ಓಡಿಸುವನು. ಸೈಕಲ್ಲು ಅಷ್ಟು ಬಲ ತಡೆಯಲು ಹುಟ್ಟಿದ್ದಲ್ಲ. ಎಲ್ಲಾದರೂ ಒಂದು ಕಡೆ ಬಿಟ್ಟೇ ಬಿಡುತ್ತಿತ್ತು. ಬಿಟ್ಟದ್ದನ್ನು ಗಟ್ಟಿ ಮಾಡುವುದೇ ಮೌನೇಶಪ್ಪನ ಹೆಚ್ಚುಗಾರಿಕೆ. ಎಂಜಿನ್ನು ಹೊತ್ತ ಪಟ್ಟಿ ಸೀಳಿದರೆ ದಪ್ಪ ಪಟ್ಟಿ ಬೆಸೆಯುವನು. ಗಾಲಿಯ ಕಡ್ಡಿ ಮುರಿದರೆ ಮೋಟಾರ್ ಸೈಕಲ್ಲಿನ ಕಡ್ಡಿ ಕತ್ತರಿಸಿ ಹೆಣೆಯುವನು. ಪಿಸ್ಟನ್ನಿನ ದಂಡ ಸವೆದು ಲೊಟಲೊಟ ಅಂದರೆ ಹೊಸ ಬುಶ್ಶು ಕಡೆದು ತೊಡಿಸುವನು. ಅವನ ಕೈಯಿಂದ ಹೋದ ಗಾಡಿ ಎರಡು ಚೀಲ ಜೋಳ ಹೇರಿದರೂ ಬಾಗುವುದಿಲ್ಲ ಎಂದು ಜನ ಹೇಳುತ್ತಿದ್ದರು.

ಒಂದನ್ನು ಮಾತ್ರ ಅವನು ಮೆತ್ತಗೆ ಬಿಡುತ್ತಿದ್ದ. ಎಂಜಿನ್ನಿನ ಹಲ್ಲುಗಾಲಿಯನ್ನು ಅದರ ದಂಡಕ್ಕೆ ಹಿಡಿದಿಡುವ ಪಿನ್ನು ಅದು. ಹಿತ್ತಾಳೆಯದೇ ಆಗಬೇಕು. ಅವನಿಗೆ ಕೆಲಸ ಕಲಿಸಿದ್ದು ಹತ್ತಿ ಗಿರಣಿಯ ಒಬ್ಬ ಮುದುಕ ಫಿಟ್ಟರು. ಆ ಮುದುಕ ಹೇಳಿದ್ದನಂತೆ: "ಎಲ್ಲಾ ಗಟ್ಟಿ ಮಾಡು, ಇದೊಂದು ಬಿಡು. ಚೈನಿನ್ಯಾಗ ಏನರ ಸಿಕ್ಕರ ಇದು ಮುರೀಬೇಕು. ಇದು ಮುರದ್ರ ಎಂಜಿನ್ನು ತನ್ನ ಪಾಡಿಗೆ ತಿರಗತೈತಿ, ಗಾಲಿ ನಿಲ್ತೈತಿ, ಮನಷ್ಯಾ ಉಳೀತಾನ."

ವರ್ಷಗಳು ಕಳೆದವು. ರಾಟೆಗೆ ಗೆದ್ದಲು ಹತ್ತಿತು. ಕಟ್ಟಿಗೆ ಒಲೆಗೆ ಹೋಯಿತು, ನಾನು ಗೋಡೆಯ ಗೂಡಿಗೆ ಹೋದೆ. ರೇವವ್ವ ಅಷ್ಟರಲ್ಲಿ ಬೇರೆ ದಾರಿ ಹಿಡಿದಿದ್ದಳು. ಓಣಿಯ ಹೆಂಗಸರು ಸುತ್ತಿದ ಕಂಡಿಕೆಗಳನ್ನು ಕೂಡಿಸಿ, ಸುತ್ತಲ ಹಳ್ಳಿಗಳ ನೇಕಾರರಿಗೆ ಮುಟ್ಟಿಸುತ್ತಿದ್ದಳು. ಅದಕ್ಕೆಂದೇ ಮೌನೇಶಪ್ಪ ಅವಳಿಗೊಂದು ಗಾಡಿ ಮಾಡಿಕೊಟ್ಟಿದ್ದ. ಹಿಂದೆ ಎರಡೂ ಕಡೆ ಚೀಲ ತೂಗುಹಾಕಿಕೊಂಡು ಅವಳು ಹೊರಟರೆ ಓಣಿ ಕಟ್ಟೆಗೆ ಬರುತ್ತಿತ್ತು.

"ಏನವಾ ರೇವವ್ವಾ, ನಿನ್ನ ಇಮಾನ ಎಂದ ಹಾರತೈತಿ?"

"ನಿಮ್ಮ ಗಂಡಂದಿರು ನಮ್ಮ ಹಿಂದ ಕುಂಡ್ರಾಕ ಒಪ್ಪಿದ ದಿನಾ ಹಾರತೈತಿ!"

ಗೂಡಿನಲ್ಲಿ ಕೂತ ನನಗೂ ಆ ನಗು ಕೇಳುತ್ತಿತ್ತು.

ಆದರೆ ಆ ಹಿತ್ತಾಳೆಯ ಪಿನ್ನು ಭಾರಕ್ಕೆ ಮೇಲಿಂದ ಮೇಲೆ ಮುರಿಯುತ್ತಿತ್ತು, ಅದೂ ಏರಿನಲ್ಲಿ. ಒಂದು ದಿನ ಹೊತ್ತು ಮುಳುಗಿದರೂ ರೇವವ್ವ ಬರಲಿಲ್ಲ. ಮೌನೇಶಪ್ಪ ಬಾಗಿಲಿಗೂ ಬೀದಿಗೂ ಓಡಾಡಿದ. ಕಡೆಗೆ ಗಾಡಿ ತಳ್ಳಿಕೊಂಡು ಬಂದಳು. ಯಾರೋ ಕುಡುಕ ಕಲ್ಲುಗಣಿಯಿಂದ ಬೆನ್ನು ಹತ್ತಿದ್ದನಂತೆ. ನಗುನಗುತ್ತಲೇ ಹೇಳಿದಳು, ಆದರೆ ಬಾಗಿಲ ಅಗಳಿ ಹಾಕಿದ ಮೇಲೆಯೇ ಕೂತಳು.

"ಊರ ಮಂದಿಗೆಲ್ಲಾ ಗಟ್ಟಿ ಮಾಡಿ ಕೊಡ್ತೀರಿ. ಮನಿ ಹೆಂಡ್ತಿಗೆ ಮಾತ್ರ ಹಪ್ಪಳಾ ಹಾಕಿ ಕೊಟ್ಟೀರಲ್ರೀ!"

"ಅದು ಮುರೀಬೇಕಾದ್ದ ಐತಿ, ರೇವಾ."

"ಅದು ಮುರದ್ರ ದಾರ್ಯಾಗ ನಿಂದ್ರಾಕಿ ನಾನಲ್ಲೇನು?" ಎಂದವಳು ಎದ್ದು ಗೂಡಿಗೆ ಕೈಹಾಕಿ ನನ್ನನ್ನು ತೆಗೆದಳು. ಸೆರಗಿನಿಂದ ಧೂಳು ಒರೆಸಿದಳು. "ನಮ್ಮವ್ವನ ಕದರು. ಇಷ್ಟು ವರ್ಷ ತಿರಗೇತಿ, ಒಂದ ದಿನ ಬಾಗಿಲ್ಲ. ಇದನ್ನ ಹಾಕ್ರಿ."

"ಸೆರಗು ಸಿಕ್ಕರ?"

"ನಡಕ್ಕ ಸಿಗಿಸ್ಕೊಂಡ ಕುಂಡ್ರತೀನಿ. ಚೈನಿಗೆ ತಗಡು ಬ್ಯಾರೆ ಮುಚ್ಚೀರಿ, ಇನ್ನೇನು?"

ಮೌನೇಶಪ್ಪ ನನ್ನನ್ನು ನೋಡಲಿಲ್ಲ. ಅವಳು ಹಾಕಿದ ಆ ಅಗಳಿ ನೋಡಿದ. ಮರುದಿನ ಬೆಳಿಗ್ಗೆ ನನ್ನನ್ನು ಕತ್ತರಿಸಿ, ಕೆಂಪಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿದ. ಅದ್ದಿದಾಗ ನಾನು ಚೀರಿದೆ. ಹೊರಬಂದಾಗ ಅರ ಹಾಕಿದರೂ ಗೀರು ಬೀಳದಷ್ಟು ಗಟ್ಟಿಯಾಗಿದ್ದೆ. ಹಲ್ಲುಗಾಲಿಯಲ್ಲಿ ನನ್ನನ್ನು ಬಡಿದು ಕೂರಿಸಿದ. ನನಗೆ ಹಿಗ್ಗೋ ಹಿಗ್ಗು. ಗೂಡಿನ ಕತ್ತಲು ತಪ್ಪಿತು, ಇನ್ನು ದಿನವೆಲ್ಲ ರೇವವ್ವನ ಜೊತೆ ತಿರುಗುವುದು! ಯಾವ ಏರಿನಲ್ಲೂ ಅವಳ ಕೈಬಿಡಲಿಲ್ಲ ನಾನು. ಹೊತ್ತು ಮುಳುಗುವ ಮೊದಲೇ ಅವಳು ಮನೆ ಸೇರುತ್ತಿದ್ದಳು. ಅವನ ಮುಖವೂ ತಿಳಿಯಾಯಿತು.

ಆಷಾಢ ಬಂತು. ಗದಗಿನ ಕಡೆಯ ಆಷಾಢದ ಗಾಳಿ ಎಂದರೆ ಹಗ್ಗದ ಮೇಲಿನ ಬಟ್ಟೆಯನ್ನು ಮುಂದಿನ ಓಣಿಗೆ ಮುಟ್ಟಿಸುವ ಗಾಳಿ. ಅವತ್ತು ಬಯಲು ದಾರಿಯಲ್ಲಿ ಆ ಗಾಳಿ ರೇವವ್ವನ ನಡುವಿನಿಂದ ಸೆರಗು ಕಿತ್ತಿತು. ಸೆರಗು ಬೆನ್ನ ಹಿಂದೆ ಒಮ್ಮೆ ಹಾರಿ, ತಗಡಿನ ಕೆಳಗೆ ನುಸುಳಿ, ಚೈನಿಗೆ ಸಿಕ್ಕಿತು.

ಹಿತ್ತಾಳೆಯದಾಗಿದ್ದರೆ ಆ ಗಳಿಗೆಯಲ್ಲೇ ಕಟ್ ಎನ್ನುತ್ತಿತ್ತು. ಎಂಜಿನ್ನು ಎಳೆಯಿತು, ನಾನು ಹಿಡಿದುಕೊಂಡೇ ಇದ್ದೆ. ಸೆರಗು ಸುತ್ತುತ್ತಾ ಹೋಯಿತು, ಕಂಡಿಕೆಗೆ ನೂಲು ಸುತ್ತಿದ ಹಾಗೆಯೇ. ಕುತ್ತಿಗೆಯವರೆಗೆ ಬಂತು. ಮುರಿಯಬೇಕು, ಈಗ ಮುರಿಯಬೇಕು ಎಂದು ನನ್ನ ಮೈಯೆಲ್ಲ ಕೂಗಿತು. ಕಾದು ಎಣ್ಣೆ ಕುಡಿದ ಉಕ್ಕು ಅದು, ನನ್ನ ಮಾತನ್ನೇ ಕೇಳಲಿಲ್ಲ.

ಕುರಿ ಕಾಯುವವರು ಓಡಿ ಬಂದರು. ಅಷ್ಟರಲ್ಲಿ ಎಲ್ಲ ಮುಗಿದಿತ್ತು.

ಅವಳನ್ನು ಮಣ್ಣು ಮಾಡಿ ಬಂದ ಮೇಲೆ ನಾಲ್ಕು ಜನ ಗಾಡಿಯ ಸುತ್ತ ನಿಂತಿದ್ದರು. ಒಬ್ಬ ಕೂತು ಚೈನು ಮುಟ್ಟಿ ನೋಡಿ ಹೇಳಿದ, "ಗಾಡಿಗೆ ಏನಂದ್ರ ಏನೂ ಆಗಿಲ್ಲ ನೋಡ್ರಿ. ಎಷ್ಟ್ ಗಟ್ಟಿ ಮಾಡ್ಯಾನ ಮೌನೇಶಪ್ಪ!" ಹೊಗಳಿಕೆಯೆಂದೇ ಹೇಳಿದ, ಪಾಪ.

ಗಾಡಿಯನ್ನು ಮೌನೇಶಪ್ಪನೇ ಬಿಚ್ಚಿ ಗುಜರಿಗೆ ಹಾಕಿದ. ನನ್ನನ್ನು ಮಾತ್ರ ಹಾಕಲಿಲ್ಲ. ಬಹಳ ದಿನ ಅಂಗಿಯ ಜೇಬಿನಲ್ಲಿಟ್ಟುಕೊಂಡು ತಿರುಗಿದ. ಆಮೇಲೆ ಒಂದು ದಿನ ನನಗೆ ಕಬ್ಬಿಣದ ಹಿಡಿಕೆ ಬೆಸೆದ. ಅಂದಿನಿಂದ ನನ್ನದು ಒಂದೇ ಕೆಲಸ: ಬೇರೆಯವರ ಗಾಡಿಯಲ್ಲಿ ಮುರಿದ ಹಿತ್ತಾಳೆ ಪಿನ್ನಿನ ತುಂಡನ್ನು ತೂತಿನಿಂದ ಆಚೆ ದೂಡುವುದು. ಅವನು ನನ್ನ ತಲೆಯ ಮೇಲೆ ಸುತ್ತಿಗೆ ಹೊಡೆಯುತ್ತಾನೆ, ತುಂಡು ಉದುರುತ್ತದೆ. ಗಿರಾಕಿಗಳು ಗೊಣಗುತ್ತಾರೆ. ಉಕ್ಕಿನದು ಹಾಕು ಎಂದು ಜಗಳ ತೆಗೆಯುತ್ತಾರೆ. ಕೆಲವರು ಬೇರೆ ಅಂಗಡಿಗೆ ಹೋದರು. ಅವನು ಹಿತ್ತಾಳೆ ಬಿಡಲಿಲ್ಲ. ಪ್ರತಿಯೊಬ್ಬರನ್ನೂ ಕೇಳುತ್ತಾನೆ, "ಏನು ಸಿಕ್ಕಿತ್ತು?" ಏನೂ ಇಲ್ಲ, ಭಾರ ಜಾಸ್ತಿ ಆಗಿತ್ತು ಎನ್ನುತ್ತಾರೆ. ಗೋಣಿಚೀಲ ಎನ್ನುತ್ತಾರೆ. ಅವನು ತಲೆಯಾಡಿಸಿ ಹೊಸ ಹಿತ್ತಾಳೆ ಪಿನ್ನು ಬಡಿಯುತ್ತಾನೆ.

ಈಗ ಅವನ ಮೀಸೆ ಪೂರಾ ಬೆಳ್ಳಗಾಗಿದೆ. ಏಟು ತಿಂದು ತಿಂದು ನನ್ನ ಹಿಡಿಕೆಯ ತಲೆ ಅಣಬೆಯ ಹಾಗೆ ಅರಳಿದೆ. ಮೊನ್ನೆ ಬಳೆ ಮಾರುವ ಶಮೀಮಾ ಗಾಡಿ ತಳ್ಳಿಕೊಂಡು ಬಂದಳು. ಬೆವರಿ ಕೆಂಪಾಗಿದ್ದಳು.

"ಎಂಥಾ ಪಿನ್ನು ಹಾಕೀರಿ ಚಾಚಾ! ಅರ್ಧ ಓಢಣಿ ನಿಮ್ಮ ಗಾಡಿ ತಿಂತು. ಉಳದರ್ಧಾ ಹೊದ್ದು ಅಲ್ಲಿಂದ ತಳ್ಳಿಕೋತ ಬಂದೀನಿ. ಬಳಿ ಒಡದ್ವು, ಸಂತಿ ತಪ್ಪಿತು. ಒಂದ ಪಿನ್ನು ನೆಟ್ಟಗ ಮಾಡಾಕ ಬರಂಗಿಲ್ಲ, ದೊಡ್ಡ ಮಿಸ್ತ್ರಿ ಅಂತ!"

ಮೌನೇಶಪ್ಪ ಅವಳ ಹೆಗಲ ಮೇಲಿನ ಹರಿದ ಓಢಣಿ ನೋಡಿದ. ಅಂಚಿಗೆ ಚೈನಿನ ಕರಿ ಎಣ್ಣೆ ಮೆತ್ತಿತ್ತು. ಕುತ್ತಿಗೆ ನೋಡಿದ. ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ.

"ಬೈಯವ್ವಾ," ಎಂದ. "ಇನ್ನೂ ಬೈ."

ಮುದುಕ ಅಳುತ್ತಿದ್ದ.

ಕಣ್ಣೊರೆಸಿಕೊಂಡು ಅವನು ನನ್ನನ್ನು ತೂತಿಗಿಟ್ಟು ಮೆಲ್ಲಗೆ ತಟ್ಟಿದ. ಹಿತ್ತಾಳೆಯ ಎರಡು ತುಂಡು ಅವನ ಅಂಗೈಗೆ ಬಿದ್ದವು. ಅವನ್ನು ಗುಜರಿಯ ಡಬ್ಬಿಗೆ ಹಾಕಲಿಲ್ಲ. ಒಳಗೆ ಹೋಗಿ ಆ ಗೂಡಿನಲ್ಲಿಟ್ಟ, ರಾಟೆ ಹೋದ ಮೇಲೆ ನಾನು ಮಲಗಿದ್ದ ಜಾಗದಲ್ಲಿ. ಆ ಜಾಗ ಅವಕ್ಕೇ ಸೇರಬೇಕಾದ್ದು. ನಾನು ಹೊರಗೆ, ಸುತ್ತಿಗೆಯ ಪಕ್ಕದಲ್ಲಿ, ಮೊದಲಿನಷ್ಟೇ ಗಟ್ಟಿಯಾಗಿ ಬಿದ್ದಿದ್ದೇನೆ.