ಮೊದಲು ತಂತಿ, ಆಮೇಲೆ ಮನುಷ್ಯ

ತಂತಿ ಮೇಷ್ಟ್ರು ಕಾರಿಡಾರಿನ ನಡುವೆ ನಡೆದದ್ದನ್ನು ನಾನು ಒಮ್ಮೆಯೂ ಕಂಡಿಲ್ಲ. ಎಷ್ಟೇ ವಿಶಾಲವಾದ ಜಾಗವಿರಲಿ, ಅವರು ಎಡಗೋಡೆಗೆ ಒತ್ತಿಕೊಂಡು, ಅದರ ಉದ್ದಕ್ಕೂ ಸೊಂಟದೆತ್ತರದಲ್ಲಿ ಹಾಯ್ದುಹೋಗಿದ್ದ ಬಿಳಿಯ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಎರಡು ಬೆರಳುಗಳನ್ನು ಆಡಿಸುತ್ತ, ತಲೆಯನ್ನು ಕೊಂಚ ವಾಲಿಸಿ, ರೋಗಿಯ ನಾಡಿ ಹಿಡಿದವರ ಗಾಂಭೀರ್ಯದಲ್ಲಿ ಹೆಜ್ಜೆ ಹಾಕುತ್ತಿದ್ದರು. ನಮ್ಮ ಆಸ್ಪತ್ರೆಯ ಕಂಪ್ಯೂಟರುಗಳನ್ನೆಲ್ಲ ಒಂದಕ್ಕೊಂದು ಬೆಸೆದಿದ್ದ ತಂತಿಗಳು ಆ ಪಟ್ಟಿಯೊಳಗಿದ್ದವು; ಅವುಗಳ ಉಸ್ತುವಾರಿ ಅವರದು. ಹೊಸಬರು ಆ ಬೆರಳುಗಳಲ್ಲಿ ಮಮತೆಯನ್ನು ಕಾಣುತ್ತಿದ್ದರು. ಎದುರುಗಡೆಯ ಔಷಧಿ ಕಿಟಕಿಯಲ್ಲಿ ಕುಳಿತು ವರ್ಷಗಟ್ಟಲೆ ಅವರನ್ನೇ ನೋಡಿದ ನನಗೆ ಅದು ಶುದ್ಧಾಂಗ ಅನುಮಾನವೆಂದು ಗೊತ್ತಿತ್ತು. ಯಾರಾದರೂ ತಂತಿಯನ್ನು ಹಿಸುಕಿದ್ದಾರೋ, ಕೊಯ್ದಿದ್ದಾರೋ, ಇಲಿಯ ಹೆಸರಲ್ಲಿ ಮನುಷ್ಯರೇ ಕಚ್ಚಿದ್ದಾರೋ ಎಂದು ಅವರು ದಿನಾ ಬೆಳಿಗ್ಗೆ ತಡವಿ ನೋಡುತ್ತಿದ್ದರು.

ಜೇಬುಗಳೇ ತುಂಬಿದ ಒಂದು ಬೂದು ಕೋಟು ಅವರ ಮೈಮೇಲಿಂದ ಇಳಿದದ್ದು ಅಪರೂಪ. ಅದನ್ನು ಒಗೆಯಲು ಹೊರಗೆ ಕೊಡುತ್ತಿರಲಿಲ್ಲ. "ಹೋದ ಕೋಟೇ ವಾಪಸ್ ಬರುತ್ತೆ ಅನ್ನೋದಕ್ಕೆ ಏನು ಖಾತ್ರಿ ಅಂತ ಕೇಳ್ತಾರೆ ಇವರು. ಮದುವೆ ದಿನ ನನ್ನನ್ನೂ ಒಪ್ಪಿಗೆ ಇದೆಯಾ, ಒಪ್ಪಿಗೆ ಇದೆಯಾ ಅಂತ ಕೇಳಿ ಕೇಳಿ ಸುಸ್ತು ಮಾಡಿಬಿಟ್ರು" ಎಂದು ಅವರ ಹೆಂಡತಿ ಒಮ್ಮೆ ಮಾತ್ರೆ ಕೊಳ್ಳುತ್ತ ನನ್ನಲ್ಲಿ ದೂರಿದ್ದರು. ಮಾತಿನಲ್ಲೂ ಅದೇ ಚಾಳಿ. ಪ್ರತಿ ವಾಕ್ಯದ ಕೊನೆಗೆ "ಸಿಕ್ತಾ?" ಎಂದು ಕೇಳಿ, ಎದುರಿನವರು "ಸಿಕ್ತು" ಎನ್ನುವವರೆಗೆ ಮುಂದಿನ ಮಾತು ಬಾಯಿಂದ ಹೊರಡುತ್ತಿರಲಿಲ್ಲ. ಗೋಣು ಆಡಿಸಿದರೆ ಸಾಲದು, ಬಾಯಿಬಿಟ್ಟು ಹೇಳಬೇಕು.

ಇದಕ್ಕೆ ಅವರಲ್ಲಿ ಶಾಸ್ತ್ರಾಧಾರವಿತ್ತು. ಎರಡು ಯಂತ್ರಗಳು ಮಾತಿಗೆ ತೊಡಗುವ ಮುನ್ನ ಒಂದು "ಇದ್ದೀಯಾ?" ಎನ್ನಬೇಕು, ಇನ್ನೊಂದು "ಇದ್ದೀನಿ, ನೀನು ಇದ್ದೀಯಾ?" ಎನ್ನಬೇಕು, ಮೊದಲಿನದು "ಇದ್ದೀನಿ" ಎಂದ ಮೇಲೆಯೇ ವಿಷಯ; ಕಳಿಸಿದ ಒಂದೊಂದು ತುಣುಕಿಗೂ ಸಿಕ್ಕಿತೆಂಬ ಉತ್ತರ ಬರಬೇಕು, ಬಾರದಿದ್ದರೆ ಅದೇ ತುಣುಕನ್ನು ಮತ್ತೆ ಕಳಿಸಬೇಕು. ಹೀಗೆ ಮೊದಲೇ ಒಪ್ಪಿಕೊಂಡ ಮಾತಿನ ರೀತಿನೀತಿಗೆ ಪ್ರೋಟೊಕಾಲ್ ಎನ್ನುತ್ತಾರೆಂದು ಅವರು ಹೊಸದಾಗಿ ಬಂದ ನರ್ಸುಗಳನ್ನೆಲ್ಲ ಕೂರಿಸಿಕೊಂಡು ಪಾಠ ಹೇಳುತ್ತಿದ್ದರು. ಮೇಷ್ಟ್ರೆಂಬ ಬಿರುದು ಬಂದದ್ದು ಹಾಗೆ. ವೈದ್ಯರು ಪರದೆಯ ಮೇಲೆ ಬರೆದ ಒಂದು ಸಾಲು ಲಕೋಟೆಯೊಳಗೆ ಲಕೋಟೆಯಾಗಿ ಯಂತ್ರದೊಳಗೇ ಅಂತಸ್ತಿನಿಂದ ಅಂತಸ್ತಿಗೆ ಇಳಿದು, ಒಂದೆಡೆ ವಿಳಾಸ ಹಚ್ಚಿಸಿಕೊಂಡು, ಇನ್ನೊಂದೆಡೆ ಯಂತ್ರದ ಹುಟ್ಟುಹೆಸರು ಹಚ್ಚಿಸಿಕೊಂಡು, ಕಟ್ಟಕಡೆಗೆ ತಂತಿಯೊಳಗಿನ ಬರಿಯ ಮಿಡಿತವಾಗಿ ಹರಿದು, ಆ ತುದಿಯಲ್ಲಿ ಲಕೋಟೆಗಳನ್ನು ಬಿಚ್ಚಿಸಿಕೊಳ್ಳುತ್ತ ಮತ್ತೆ ಮೇಲೇರುವುದನ್ನು ಅವರು ವರ್ಣಿಸುವಾಗ ಆ ಒಣ ಮುಖದಲ್ಲೂ ಒಂದು ಕಳೆ ಬರುತ್ತಿತ್ತು. ಕೊನೆಗೆ ಧ್ವನಿ ತಗ್ಗಿಸಿ, "ಒಂದೊಂದು ಅಂತಸ್ತೂ ತನ್ನ ಕೆಳಗಿನದನ್ನ ಕಣ್ಮುಚ್ಚಿ ನಂಬುತ್ತೆ. ಅದಕ್ಕೇ ನಾವು ನಂಬಬಾರದು. ಏನೇ ಕೆಟ್ಟರೂ ಕೆಳಗಿನಿಂದ ಹುಡುಕಬೇಕು. ಮೊದಲು ತಂತಿ, ಆಮೇಲೆ ಮನುಷ್ಯ. ಸಿಕ್ತಾ?" ಎನ್ನುತ್ತಿದ್ದರು. ನರ್ಸುಗಳು ನಗು ತಡೆದುಕೊಂಡು ಒಕ್ಕೊರಲಿನಿಂದ "ಸಿಕ್ತು" ಎನ್ನುತ್ತಿದ್ದರು.

ಮೇಷ್ಟ್ರ ಕೋಣೆಯಲ್ಲಿ ಕೆಳಮಹಡಿಯ ತಂತಿಗಳೆಲ್ಲ ಬಂದು ಸೇರುವ ಒಂದು ಪೆಟ್ಟಿಗೆ. ಮೇಲೆ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಅಂಥದೇ ಇನ್ನೊಂದು. ಎರಡರ ನಡುವೆ ಚಾವಣಿಯ ಮೂಲಕ ಒಂದು ತಂತಿ. ಒಂದೇ ತಂತಿಯನ್ನು ನಂಬಿ ಬದುಕುವುದು ಅವರ ಜಾಯಮಾನವಲ್ಲ. ಆದ್ದರಿಂದ ಮೆಟ್ಟಿಲ ಕೆಳಗಿನಿಂದ ಗುಟ್ಟಾಗಿ ಎರಡನೆಯದೊಂದನ್ನು ಎಳೆದು, ಮೇಲಿನ ತುದಿಯನ್ನು ಲ್ಯಾಬಿನ ಪೆಟ್ಟಿಗೆಗೆ ಸಿಕ್ಕಿಸಿ, ಕೆಳಗಿನ ತುದಿಯನ್ನು ತಮ್ಮ ಕೋಣೆಯ ಮೊಳೆಗೆ ನೇತುಹಾಕಿದ್ದರು. ತಾವಿರುವಾಗ ಅದಕ್ಕೆ ಕೆಲಸವಿಲ್ಲ, ತಾವೇ ಇದ್ದಾರಲ್ಲ. ಮಧ್ಯಾಹ್ನ ಊಟಕ್ಕೆ ಕೋಣೆ ಬಿಟ್ಟು ಹೊರಡುವಾಗ ಮಾತ್ರ ಅದನ್ನು ಪೆಟ್ಟಿಗೆಗೆ ಚುಚ್ಚಿ, ದೀಪ ಆರಿಸಿ, ಬೀಗ ಹಾಕಿ, ಬೀಗವನ್ನು ಎಳೆದು ನೋಡಿ ಹೋಗುತ್ತಿದ್ದರು. ಬಂದೊಡನೆ, ಕುರ್ಚಿಗೆ ಕೂರುವ ಮೊದಲೇ, ಕಿತ್ತು ಮೊಳೆಗೆ ಹಾಕುತ್ತಿದ್ದರು. ವರ್ಷಗಳು ಕಳೆದಂತೆ ಈ ಕೆಲಸ ತಲೆಯಿಂದ ಜಾರಿ ಕೈಗೆ ಸೇರಿಹೋಗಿತ್ತು.

ಹೀಗಿರುವಾಗ ಒಂದು ವಾರ ಎರಡು ಸಂಗತಿಗಳು ಒಟ್ಟಿಗೆ ನಡೆದವು. ಮೇಲಿನ ಹಳೆಯ ಪೆಟ್ಟಿಗೆ ಸುಟ್ಟುಹೋಗಿ, ಅದರ ಜಾಗಕ್ಕೆ ಅಂಗೈಯಗಲದ ಅಗ್ಗದ ಪೆಟ್ಟಿಗೆಯೊಂದು ಬಂದು, ಹಳೆಯದರ ತಂತಿಗಳನ್ನೆಲ್ಲ ಸಿಕ್ಕಿಸಿಕೊಂಡಿತು. ಲ್ಯಾಬಿಗೆ ಹೊಸ ಪರೀಕ್ಷಕಿಯೊಬ್ಬಳು ಬಂದಳು. ಮರುದಿನದಿಂದಲೇ ಮಧ್ಯಾಹ್ನವಾಯಿತೆಂದರೆ ಕಂಪ್ಯೂಟರುಗಳ ಜಾಲ ಸತ್ತಂತೆ ಬಿದ್ದುಕೊಳ್ಳತೊಡಗಿತು. ರಕ್ತದ ವರದಿಗಳು ಮೇಲೇ ಉಳಿದು, ನರ್ಸುಗಳು ಚೀಟಿ ಹಿಡಿದು ಮೆಟ್ಟಿಲು ಹತ್ತಿ ಇಳಿದು ಏದುಸಿರು ಬಿಡುತ್ತಿದ್ದರು. ಮೇಷ್ಟ್ರು ಊಟ ಮುಗಿಸಿ ಬಂದು ಕೂತರೆಂದರೆ ಎಲ್ಲ ತಾನೇ ತಾನಾಗಿ ಸರಿ. ಅವರು ಹೊಸ ಪೆಟ್ಟಿಗೆಯ ಮೇಲೆ ಗುಮಾನಿಪಟ್ಟು, ಊಟವನ್ನೂ ಕೋಣೆಗೇ ತರಿಸಿಕೊಂಡು ಇಡೀ ದಿನ ಪರೀಕ್ಷಿಸಿದರು; ಒಂದು ಚೂರೂ ತಕರಾರಿಲ್ಲ. ಅಲ್ಲಿಗೆ ಅವರ ತರ್ಕ ಸಿದ್ಧವಾಯಿತು: ತಾವಿದ್ದಾಗ ಕೆಡುವುದಿಲ್ಲ, ತಾವಿಲ್ಲದಾಗ ಕೆಡುತ್ತದೆ, ಎಂದರೆ ತಾವು ಹೋಗುವುದನ್ನೇ ಯಾರೋ ಹೊಂಚು ಹಾಕುತ್ತಿದ್ದಾರೆ.

ಯಾರು ಎಂಬುದನ್ನು ಹುಡುಕಲು ಅವರು ದೂರ ಹೋಗಬೇಕಾಗಲಿಲ್ಲ. ಎಲ್ಲರೂ ಊಟಕ್ಕೆ ಇಳಿದಾಗ ಪರೀಕ್ಷಕಿಯೊಬ್ಬಳೇ ಬುತ್ತಿ ಬಿಚ್ಚಿಕೊಂಡು ಮೇಲೆ ಕೂರುತ್ತಿದ್ದಳು, ಅದೂ ಪೆಟ್ಟಿಗೆಯ ಪಕ್ಕದಲ್ಲೇ. ಬಂದ ದಿನವೇ "ಇದೇನು ಡಬ್ಬಿ, ಇಷ್ಟೊಂದು ದೀಪ?" ಎಂದು ಕೇಳಿದ್ದಳು. ಕೇಳಬೇಕಾದ ಅಗತ್ಯವೇನಿತ್ತು? ಮೇಷ್ಟ್ರು ಈ ಪ್ರಶ್ನೆಯನ್ನು ನನ್ನ ಕಿಟಕಿಗೆ ತಂದರು, ಎಕ್ಸ್‌ರೇ ಕೋಣೆಗೆ ಒಯ್ದರು, ಕಡೆಗೆ ಆಸ್ಪತ್ರೆಯ ಮೇಲ್ವಿಚಾರಕಿಯವರ ಮೇಜಿಗೂ ಮುಟ್ಟಿಸಿದರು. ಅನುಮಾನ ಅಂಟುಜಾಡ್ಯ, ನಾವೂ ಆಕೆಯನ್ನು ಕಂಡಾಗ ಮಾತು ನಿಲ್ಲಿಸುವಷ್ಟು ಕೆಟ್ಟೆವು. ಆಕೆಯ ನೌಕರಿ ಇನ್ನೂ ಖಾಯಂ ಆಗಿರಲಿಲ್ಲ. ವಾರದ ಕೊನೆಗೆ ಕಳಿಸಿಬಿಡುವುದೆಂದು ಮೇಲ್ವಿಚಾರಕಿ ತೀರ್ಮಾನಿಸಿದ ಸುದ್ದಿ ಆಕೆಗಿಂತ ಮೊದಲೇ ನಮಗೆಲ್ಲ ತಲುಪಿತ್ತು.

ತಲೆನೋವಿನ ಮಾತ್ರೆ ಕೇಳಿಕೊಂಡು ಬಂದ ಆಕೆ ನನ್ನ ಕಿಟಕಿಯ ಸರಳು ಹಿಡಿದು ನಿಂತದ್ದು ಇನ್ನೂ ಕಣ್ಣಿಗೆ ಕಟ್ಟಿದೆ. "ಹಿಂದೆ ಕೆಲಸ ಮಾಡ್ತಿದ್ದ ಕಡೆ ಯಾರೋ ಮೆಷಿನ್ ಒಡೆದ್ರು, ನನ್ನನ್ನ ಕಳಿಸಿದ್ರು. ಇಲ್ಲಿಂದಲೂ ಹೀಗೇ ಕಳಿಸಿದ್ರೆ ಇನ್ಯಾರೂ ನನ್ನನ್ನ ಲ್ಯಾಬ್ ಒಳಗೆ ಬಿಟ್ಕೊಳ್ಳಲ್ಲ. ನನಗೆ ಬೇರೆ ಕೆಲಸ ಬರಲ್ಲ" ಎಂದಳು. ನಾನು ಮಾತ್ರೆ ಎಣಿಸಿ ಕೊಟ್ಟು, ಮುಂದಿನವರ ಚೀಟಿಗೆ ಕೈ ಚಾಚಿದೆ.

ಕಳಿಸುವ ಮುನ್ನ ಕೈಯಾರೆ ಹಿಡಿಯಬೇಕೆಂಬ ಛಲ ಮೇಷ್ಟ್ರದು. ಅಂದು ಮಧ್ಯಾಹ್ನ ಎಂದಿನಂತೆ ದೀಪ ಆರಿಸಿ, ಬೀಗ ಹಾಕಿ, ಎಳೆದು ನೋಡಿ, ಊಟದ ಕೋಣೆಯ ಕಡೆಗೆ ನಾಲ್ಕು ಹೆಜ್ಜೆ ಇಟ್ಟಂತೆ ಮಾಡಿ, ತಟ್ಟನೆ ಮೆಟ್ಟಿಲೇರಿದರು. ಲ್ಯಾಬಿನ ಸ್ಟೂಲೊಂದನ್ನು ಎಳೆದುಕೊಂಡು ಪರೀಕ್ಷಕಿಯ ಎದುರಿಗೇ ಕುಳಿತರು.

"ಊಟಕ್ಕೆ ಹೋಗಲ್ವಾ?" ಎಂದಳು ಆಕೆ.

"ಇವತ್ತು ಇಲ್ಲೇ ಇರ್ತೀನಿ. ಸಿಕ್ತಾ?"

ಆಕೆಗೆ ಅರ್ಥವಾಯಿತು. ಬುತ್ತಿಯನ್ನು ಬದಿಗೆ ಸರಿಸಿ, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಊರಿದಳು. "ನೋಡ್ಕೊಳ್ಳಿ. ನನಗಿರೋದು ಇವೆರಡೇ ಕೈ."

ಆ ಮಾತು ಮುಗಿಯುವಷ್ಟರಲ್ಲಿ ಲ್ಯಾಬಿನ ಕಂಪ್ಯೂಟರಿನ ಪರದೆ ಅಲ್ಲೇ ಹೆಪ್ಪುಗಟ್ಟಿ ನಿಂತಿತು. ಮೇಷ್ಟ್ರು ಆಕೆಯ ಕೈಗಳನ್ನು ನೋಡಿದರು; ಅವು ಅಲುಗಿರಲಿಲ್ಲ. ಆಮೇಲೆ ಪೆಟ್ಟಿಗೆಯನ್ನು ನೋಡಿದರು. ಅದರ ದೀಪಗಳೆಲ್ಲ ಒಟ್ಟೊಟ್ಟಿಗೆ ಹುಚ್ಚು ಹಿಡಿದಂತೆ ಮಿಣುಕುತ್ತಿದ್ದವು. ಎಷ್ಟು ತಂಡ ನರ್ಸುಗಳಿಗೆ ಇದನ್ನು ಅವರೇ ಪಾಠ ಮಾಡಿರಲಿಲ್ಲ! ಎರಡು ಪೆಟ್ಟಿಗೆಗಳ ನಡುವೆ ಎರಡು ದಾರಿಗಳಿದ್ದರೆ, "ಈ ವಿಳಾಸ ಯಾರದು?" ಎಂದು ಒಂದು ಯಂತ್ರ ಎಲ್ಲರನ್ನೂ ಉದ್ದೇಶಿಸಿ ಕೂಗಿದ ಪ್ರಶ್ನೆ ಒಂದು ದಾರಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿ, ಮತ್ತೆ ಹೋಗಿ ಮತ್ತೆ ಮರಳಿ, ಬೆಳೆಯುತ್ತ ಬೆಳೆಯುತ್ತ ಬೇರಾವ ಮಾತಿಗೂ ಎಡೆಯಿಲ್ಲದಂತೆ ಜಾಲವನ್ನು ಉಸಿರುಗಟ್ಟಿಸುತ್ತದೆ. ಹಳೆಯ ಪೆಟ್ಟಿಗೆಗೆ ಬುದ್ಧಿಯಿತ್ತು. ಎರಡು ದಾರಿ ಕಂಡರೆ ಒಂದನ್ನು ಮಲಗಿಸುತ್ತಿತ್ತು. ಅಗ್ಗದ ಈ ಪೆಟ್ಟಿಗೆಗೆ ಆ ಬುದ್ಧಿಯಿರಲಿಲ್ಲ. ಮೇಷ್ಟ್ರು ಕೋಟಿನ ತೋಳಿನಿಂದ ಹೊರಚಾಚಿದ್ದ ತಮ್ಮ ಬಲಗೈಯನ್ನು, ಅದು ಬೇರೆ ಯಾರದೋ ಎಂಬಂತೆ, ಬಹಳ ಹೊತ್ತು ದಿಟ್ಟಿಸಿದರೆಂದು ಆಮೇಲೆ ಪರೀಕ್ಷಕಿಯೇ ನನಗೆ ಹೇಳಿದಳು.

ಅವರು ಮೆಟ್ಟಿಲಿಳಿದು ಬಂದದ್ದನ್ನು ನಾನು ಕಂಡೆ. ಗೋಡೆ ಮುಟ್ಟಲಿಲ್ಲ. ಮೆಲ್ಲಗೆ ಒಳಹೋಗಿ ತಂತಿ ಕಿತ್ತು ಮೊಳೆಗೆ ಹಾಕಿದ್ದರೆ ಲೋಕಕ್ಕೆ ಗೊತ್ತೇ ಆಗುತ್ತಿರಲಿಲ್ಲ. ಆ ಅಗ್ಗದ ಪೆಟ್ಟಿಗೆಯ ತಲೆಗೆ ಎಲ್ಲವನ್ನೂ ಕಟ್ಟಬಹುದಿತ್ತು. ಮೇಷ್ಟ್ರು ಮೇಲ್ವಿಚಾರಕಿಯವರನ್ನು ಕರೆಸಿದರು, ಪರೀಕ್ಷಕಿಯನ್ನು ಕರೆಸಿದರು, ಕೈಸನ್ನೆಯಿಂದ ನನ್ನನ್ನೂ ಕರೆದರು. ಎಲ್ಲರ ಎದುರಿಗೆ ಬೀಗ ತೆಗೆದು, ಎರಡನೆಯ ತಂತಿಯನ್ನು ತೋರಿಸಿ, ಕಿತ್ತರು. ಮೇಜಿನ ಮೇಲಿನ ಕಂಪ್ಯೂಟರಿಗೆ ತಡೆದು ನಿಂತಿದ್ದ ವರದಿಗಳೆಲ್ಲ ದಬದಬನೆ ಬಂದು ಬಿದ್ದವು.

"ದಿನಾ ಹೋಗುವಾಗ ಚುಚ್ಚಿದವನೂ ನಾನೇ, ಬಂದು ಕಿತ್ತವನೂ ನಾನೇ. ಈಕೆಯದೇನೂ ಇಲ್ಲ. ಸಿಕ್ತಾ?"

"ಸಿಕ್ತು" ಎಂದರು ಮೇಲ್ವಿಚಾರಕಿ, ಮುಖ ಗಂಟಿಕ್ಕಿಕೊಂಡು. ಮೇಷ್ಟ್ರು ಪರೀಕ್ಷಕಿಯ ಕಡೆ ತಿರುಗಿದರು. "ತಪ್ಪಾಯ್ತು. ಸಿಕ್ತಾ?" ಆಕೆ ಬೆನ್ನು ತಿರುಗಿಸಿ ಮೇಲೆ ಹೋದಳು.

ಉತ್ತರ ಬಾರದ ಮಾತನ್ನು ಮತ್ತೆ ಕಳಿಸಬೇಕೆಂಬುದು ಅವರ ಶಾಸ್ತ್ರ. ಮರುದಿನ ಲ್ಯಾಬಿನ ಬಾಗಿಲಲ್ಲಿ ನಿಂತು "ತಪ್ಪಾಯ್ತು. ಸಿಕ್ತಾ?" ಎಂದರು, ಆಕೆ ಗಾಜಿನ ನಳಿಗೆಗಳಿಂದ ಕಣ್ಣೆತ್ತಲಿಲ್ಲ. ಅದರ ಮರುದಿನವೂ ಹೋದರು. ಆಮೇಲೂ ಹೋಗುತ್ತಲೇ ಇದ್ದರು. ನರ್ಸುಗಳು ಮುಸಿಮುಸಿ ನಕ್ಕು ನಕ್ಕು ಸಾಕಾಗಿ ನಗುವುದನ್ನೇ ಬಿಟ್ಟರು. ಆಕೆಯ ನೌಕರಿ ಖಾಯಂ ಆದ ದಿನ ಕೊನೆಗೂ ಉತ್ತರ ಬಂತು. "ಸಿಕ್ತು. ಆದ್ರೆ ಸಿಕ್ತು ಅಂದ್ರೆ ಸಿಕ್ತು ಅಷ್ಟೆ, ಕ್ಷಮಿಸಿದೀನಿ ಅಂತಲ್ಲ." ಮೇಷ್ಟ್ರು ಕೋಟಿನ ಗುಂಡಿ ಹಾಕಿಕೊಂಡು, "ಸರಿ" ಎಂದು ಇಳಿದು ಬಂದರು.

ಅನುಮಾನವನ್ನೇ ಕಸುಬು ಮಾಡಿಕೊಂಡ ಇಂಥವರ ಕುಲವೇ ಬೇರೆ. ಅವರು ನಮ್ಮ ಪರವಾಗಿ ಬೀಗ ಎಳೆದು ನೋಡುತ್ತಾರೆ, ಗೋಡೆ ತಡವುತ್ತಾರೆ, ನಾವು ನಿಶ್ಚಿಂತೆಯಿಂದ ಕಾರಿಡಾರಿನ ನಡುವೆ ನಡೆಯುವುದು ಅವರ ದೆಸೆಯಿಂದಲೇ. ಆದರೆ ಜಗತ್ತನ್ನೆಲ್ಲ ತಡವಿದ ಆ ಬೆರಳುಗಳು ತಮ್ಮ ಕೈಯನ್ನು ಮಾತ್ರ ತಡವಿ ನೋಡುವುದಿಲ್ಲ. ನೋಡಿದವರು ವಿರಳ, ಕಂಡದ್ದನ್ನು ನಾಲ್ವರ ಮುಂದೆ ಹೇಳಿದವರು ಇನ್ನೂ ವಿರಳ. ಮೇಷ್ಟ್ರು ಹೇಳಿದರು, ಅದಕ್ಕಾಗಿ ಅವರ ಮೇಲೆ ನನಗೆ ಗೌರವವಿದೆ. ಆದರೂ ಅವರು ಲ್ಯಾಬಿನೊಳಗೆ ಕಾಲಿಟ್ಟಾಗಲೆಲ್ಲ ಪರೀಕ್ಷಕಿ ಮಾಡುತ್ತಿದ್ದ ಕೆಲಸ ಬಿಟ್ಟು, ತನಗೇ ಅರಿವಿಲ್ಲದಂತೆ, ಎರಡೂ ಅಂಗೈಗಳನ್ನು ಮೇಜಿನ ಮೇಲೆ ಊರುವುದನ್ನು ನಾನು ನೋಡಿದ್ದೇನೆ. ತಂತಿಯನ್ನು ಕಿತ್ತರೆ ಜಾಲ ಆ ಕ್ಷಣಕ್ಕೇ ಸುಧಾರಿಸಿಕೊಳ್ಳುತ್ತದೆ. ಇಂಥವರ ಅನುಮಾನಕ್ಕೆ ಒಮ್ಮೆ ಸಿಕ್ಕಿದ ಮನುಷ್ಯರಿಗೆ ಆ ಸೌಲಭ್ಯವಿಲ್ಲ.