ಸ್ವಿಚ್‌ಗೆ ಬೀಗವಿರಲಿಲ್ಲ

ಯಾವುದನ್ನೂ ಮುಟ್ಟಬಾರದು ಎಂಬುದು ಷರತ್ತು. ಬೇಸಿಗೆಯ ಇಂಟರ್ನ್‌ಶಿಪ್‌ಗೆ ಬಂದವರು ನೋಡಬೇಕು, ಕೇಳಬೇಕು, ವರದಿ ಬರೆಯಬೇಕು. ವಿದ್ಯುತ್ ಕಂಪನಿಯ ಉಪಕರಣಕ್ಕೆ ಕೈ ಹಾಕಿದರೆ ಸ್ಕಾಲರ್‌ಶಿಪ್ ರದ್ದು. ಮರಳೂರಿನ ರೂಪಶ್ರೀಯ ಎಂಜಿನಿಯರಿಂಗ್‌ನ ಕೊನೆಯ ವರ್ಷ ಆ ಸ್ಕಾಲರ್‌ಶಿಪ್ ಮೇಲೆಯೇ ನಿಂತಿತ್ತು.

ಆದರೆ ಗುಬ್ಬಿಯ ಆಚೆ, ತೆಂಗಿನ ತೋಟದ ಬದಿಯ ಸ್ವಿಚ್ ಕಂಬದ ಬುಡದಲ್ಲಿ, ಲೈನ್‌ಮನ್ ಚಿಕ್ಕಬೋರಯ್ಯ ಅವಳಿಗೊಂದು ಕೆಲಸ ಹೇಳಿದ.

"ಈ ಹ್ಯಾಂಡಲ್ ಕೆಳಗಿದ್ರೆ ಕರೆಂಟಿಲ್ಲ. ಯಾರಾರ ಮೇಲಕ್ಕೆತ್ತುದ್ರೆ ನಾನಿಲ್ಲ. ಬೀಗ ಯಾವತ್ತೋ ಕಳ್ದೋಯ್ತು. ಇವತ್ತು ನೀನೇ ಬೀಗ ಕಣವ್ವ."

ಲೈನಿಗೆ ಸಿಕ್ಕಿಸಿ ನೆಲಕ್ಕೆ ಜೋಡಿಸುವ ಅರ್ಥ್ ರಾಡ್‌ನ ತಂತಿ ತುಂಡಾಗಿತ್ತು. ಅದು ಸರಿಯಿದ್ದಿದ್ದರೆ ಯಾರು ಹ್ಯಾಂಡಲ್ ಎತ್ತಿದರೂ ಕರೆಂಟ್ ನೆಲಕ್ಕಿಳಿದುಹೋಗುತ್ತಿತ್ತು, ಕಾವಲೇ ಬೇಕಿರಲಿಲ್ಲ. ಆಳೆತ್ತರದ ಆ ರಾಡನ್ನು ಅವಳ ಪಕ್ಕ ಒರಗಿಸಿ, ಅವನು ತೋಟದೊಳಗಿನ ಇನ್ನೊಂದು ಕಂಬ ಹತ್ತಿದ. ಗರಿಗಳ ಸಂದಿಯಲ್ಲಿ ಅವನ ಹಳದಿ ಹೆಲ್ಮೆಟ್ ಅವಳು ನಿಂತ ಜಾಗದಿಂದ ಮಾತ್ರ ಕಾಣುತ್ತಿತ್ತು. ಸೆಕ್ಷನ್ ಆಫೀಸರ್ ಜೀಪಿನಲ್ಲಿ ಟೀ ಕುಡಿಯಲು ಹೋಗಿದ್ದರು.

ಕರೆಂಟಿಲ್ಲದೆ ನಿಂತಿದ್ದ ಪಕ್ಕದ ತೆಂಗಿನ ನಾರಿನ ಫ್ಯಾಕ್ಟರಿಯ ಅಂಜನ್‌ಕುಮಾರ್ ಇಬ್ಬರು ಕೆಲಸದವರನ್ನು ಬೈಕಿನಲ್ಲಿ ಕೂರಿಸಿಕೊಂಡು ಬಂದ.

"ಎತ್ತಮ್ಮಿ ಆ ಹ್ಯಾಂಡಲ್ನ."

"ಮೇಲೆ ಜನ ಇದಾರೆ."

"ಯಾವ್ ಜನ? ನಿಮ್ ಜೀಪು ಟೀ ಅಂಗ್ಡಿ ಮುಂದೈತೆ, ನೋಡ್ಕೊಂಡೇ ಬಂದೆ. ಲೈನ್ ತೆಗ್ದು ಬೋಂಡ ತಿನ್ನೋದು ನಿಮ್ಗೇನ್ ಹೊಸ್ದಾ?"

"ಅಣ್ಣ, ಇಲ್ಲಿಗೆ ಬಂದು ನೋಡಿ, ಹೆಲ್ಮೆಟ್ ಕಾಣ್ತದೆ."

"ಅಲ್ಲಿ ಲಾರಿ ಕಾಯ್ತಾ ನಿಂತೈತೆ, ಇಲ್ಲಿ ನಾನು ಹೆಲ್ಮೆಟ್ ನೋಡ್ಕೊಂಡು ಕೂರ್ಲಾ?"

ಕೆಲಸದವನೊಬ್ಬ ನಕ್ಕ. "ಹೊಸಾ ಲೈನ್‌ಮನ್ನು, ಜಡೆ ಹಾಕ್ಕೊಂಡ್ ಬಂದವ್ನೆ."

ಅಂಜನ್‌ಕುಮಾರ್ ಅವಳನ್ನು ತಳ್ಳಿದ. ಅವಳು ಕದಲಲಿಲ್ಲ. ಅವನು ಜಡೆ ಹಿಡಿದು ತಲೆಯನ್ನು ಕಂಬಕ್ಕೆ ಬಡಿದ. ಹುಬ್ಬು ಸೀಳಿ ಕಣ್ಣಿಗೆ ರಕ್ತ ಇಳಿಯಿತು. ಅವನ ಬಲಗೈ ಹ್ಯಾಂಡಲ್ ಹಿಡಿಯಿತು. ಅದು ಗೇಣುದ್ದ ಮೇಲೆದ್ದಿತು. ಅವಳು ಪೂರ್ತಿ ಭಾರ ಬಿಟ್ಟು ಅದಕ್ಕೆ ಜೋತುಬಿದ್ದಳು, ಅವನ ಮುಂಗೈಯನ್ನು ಕಚ್ಚಿದಳು. ಅವನು ಹೊಟ್ಟೆಗೆ ಒದ್ದ. ನೆಲಕ್ಕೆ ಬಿದ್ದವಳ ಕೈಗೆ ರಾಡ್ ಸಿಕ್ಕಿತು.

ಅವಳ ಏಟಿಗೆ ಅವನ ಮಣಿಕಟ್ಟು ಮುರಿದಾಗ ಒಣಗರಿ ತುಳಿದಂಥ ಸದ್ದಾಯಿತು. ಕೈ ಹ್ಯಾಂಡಲ್ ಬಿಟ್ಟಿತು. ಹ್ಯಾಂಡಲ್ ತಾನಾಗಿಯೇ ಕೆಳಗಿಳಿಯಿತು.

ಅಲ್ಲಿಗೆ ಸಾಕಿತ್ತು. ಆದರೂ ಅವಳು ಅವನ ಮೊಣಕಾಲಿಗೆ ಹೊಡೆದಳು. ಕುಸಿದವನ ಭುಜಕ್ಕೆ, ಬೆನ್ನಿಗೆ, ಮುಖ ಮುಚ್ಚಿಕೊಂಡ ಬೆರಳುಗಳಿಗೆ ಹೊಡೆದಳು. ನಕ್ಕವನು ಓಡಿ ದೂರ ನಿಂತಿದ್ದ. ಅವಳ ಬಾಯಲ್ಲಿ ಇನ್ನೂ ಅಂಜನ್‌ಕುಮಾರನ ಚರ್ಮದ ಉಪ್ಪಿತ್ತು.

ಕೂಗಾಟ ಕೇಳಿ ಚಿಕ್ಕಬೋರಯ್ಯ ಕಂಬ ಇಳಿದು, ಸೊಂಟದ ಬೆಲ್ಟ್ ಸಮೇತ ತೋಟದಿಂದ ಓಡಿಬಂದ. ಅಂಜನ್‌ಕುಮಾರ್ ಬೆರಳ ಸಂದಿಯಿಂದ ಅವನನ್ನು ಕಂಡ.

"ಇದ್ನಾ?" ಎಂದ. "ಇವ್ನು ಮೇಲೇ ಇದ್ನಾ?"

ಕೆಲಸದವರು ಅವನನ್ನು ಬೈಕಿನಲ್ಲಿ ತಮ್ಮಿಬ್ಬರ ನಡುವೆ ಕೂರಿಸಿಕೊಂಡು ಗುಬ್ಬಿಯ ಆಸ್ಪತ್ರೆಯ ಕಡೆ ಹೊರಟರು.

ಚಿಕ್ಕಬೋರಯ್ಯ ನೆಲದ ರಕ್ತ ನೋಡಿದ, ಅವಳ ಮುಖ ನೋಡಿದ.

"ಮೊದ್ಲೇಟು ನನಗೋಸ್ಕರ. ಮಿಕ್ಕಿದ್ದು?"

ಅವನು ರಾಡನ್ನು ಅವಳ ಕೈಯಿಂದ ಬಿಡಿಸಿಕೊಂಡು ಬೇಲಿಯಾಚೆ ಎಸೆದ.

"ಇನ್ನೊಂದು ಜಂಪರ್ ತಂತಿ ಕಟ್ಟೋದೈತೆ. ಬರೀ ಕೈಲಿ ನಿಂತ್ಕೋತೀಯಾ?"

ಹೂಂ ಎಂದು ತಲೆಯಾಡಿಸಿದಳು. ಅವನು ತೋಟದೊಳಕ್ಕೆ ಹೋದ. ಕಂಬ ಹತ್ತುವಾಗ ಅವನು ಮೇಲೆ ನೋಡುತ್ತಿರಲಿಲ್ಲ. ಅವಳ ಕಡೆ ತಿರುಗಿ ತಿರುಗಿ ನೋಡುತ್ತಿದ್ದ.

ಫೋನ್ ಹೊಡೆದುಕೊಂಡಿತು. ಸೆಕ್ಷನ್ ಆಫೀಸರ್. ಸುದ್ದಿ ಟೀ ಅಂಗಡಿ ತಲುಪಿತ್ತು.

"ಏನಮ್ಮ ಇದು? ನೀನು ಸ್ವಿಚ್ ಮುಟ್ಟಿಲ್ಲ ತಾನೆ? ಮುಟ್ಟಿಲ್ಲ ಅಂತ ಹೇಳು, ಮಿಕ್ಕಿದ್ದು ನಾನು ನೋಡ್ಕೋತೀನಿ. ಮೊದ್ಲು ಅಲ್ಲಿಂದ ದೂರ ಬಾ."

ಅವಳು ಫೋನನ್ನು ಭುಜಕ್ಕೂ ಕಿವಿಗೂ ನಡುವೆ ಒತ್ತಿಕೊಂಡಿದ್ದಳು.

"ಎರಡೂ ಕೈಲಿ ಹಿಡ್ಕೊಂಡೇ ಇದೀನಿ ಸರ್. ಮೇಲೆ ಜನ ಇದಾರೆ."