ಸಾಧ್ಯವಾದಷ್ಟು

ಅವರ ಹುದ್ದೆ ಪಾನೀಯ ಕಂಪನಿಗಳ ಒಕ್ಕೂಟದ ಪ್ರತಿನಿಧಿ. ಅವರಿಗೆ ಬೆಲ್ಲದಚ್ಚು ಎಂದು ಅಡ್ಡಹೆಸರಿಟ್ಟವನು ಸಭೆಯ ವಾಚಕ. ಅವರ ಮಾತು ಅಷ್ಟು ಸಿಹಿ, ಅಚ್ಚಿನಿಂದ ತೆಗೆದಷ್ಟು ನಯ. ಲೋಕದ ದೇಶಗಳೆಲ್ಲ ಕೂಡಿ, ಸಕ್ಕರೆ ಕಾಯಿಲೆ, ರಕ್ತದೊತ್ತಡಗಳನ್ನು ಬರುವ ಮೊದಲೇ ತಡೆಯಲು ನೀತಿ ಬರೆಯುತ್ತಿದ್ದ ಸಭೆ ಅದು. ಅಲ್ಲಿನ ನೀರಿನ ಬಾಟಲಿ, ಪೆನ್ನು, ಪ್ರತಿನಿಧಿಗಳ ಕೊರಳಿನ ಗುರುತುಪಟ್ಟಿ, ಎಲ್ಲದರ ಮೇಲೂ ಒಕ್ಕೂಟದ ಮುದ್ರೆ.

ಕರಡಿನ ಒಂದೊಂದು ವಾಕ್ಯವನ್ನೂ ಗಟ್ಟಿಯಾಗಿ ಓದಿ ಒಪ್ಪಿಗೆ ಕೇಳುವುದು ವಾಚಕನ ಕೆಲಸ. ಕರಡು ಬರೆದವಳು ಅವನ ಅತ್ತಿಗೆ, ಶಸ್ತ್ರವೈದ್ಯೆ. ಸಕ್ಕರೆ ಕಾಯಿಲೆಯಲ್ಲಿ ಕೊಳೆತ ಪಾದಗಳನ್ನು ಕತ್ತರಿಸಿ ಕತ್ತರಿಸಿ ಸಾಕಾಗಿ, ಕತ್ತರಿ ಹಾಕುವುದಾದರೆ ಬುಡಕ್ಕೇ ಹಾಕೋಣ ಎಂದು ಇಲ್ಲಿಗೆ ಬಂದಿದ್ದಳು. ಅವಳಿಗೆ ಬೇಕಾದದ್ದು ಒಂದೇ ವಾಕ್ಯ: 'ಸಿಹಿ ಪಾನೀಯಗಳ ಮೇಲೆ ಎಲ್ಲ ದೇಶಗಳೂ ತೆರಿಗೆ ವಿಧಿಸಬೇಕು.' ಹಿಂದಿನ ಸಭೆಯಲ್ಲಿ ಅದರ ಬಾಲಕ್ಕೆ 'ಎಂಬುದನ್ನು ಪರಿಶೀಲಿಸಬಹುದು' ಎಂದು ಅಂಟಿಸಿ ಕಳಿಸಿದ್ದರು. ಅಂದಿನಿಂದ ಎಲ್ಲರೂ ಪರಿಶೀಲಿಸುತ್ತಲೇ ಇದ್ದರು. ಈ ಸಲವೂ ಹಾಗಾದರೆ ಈ ಉಸಾಬರಿ ಬಿಟ್ಟು ಆಸ್ಪತ್ರೆಗೇ ಮರಳುತ್ತೇನೆ ಎಂದು ಮನೆಯಲ್ಲಿ ಹೇಳಿ ಬಂದಿದ್ದಳು.

ವಾಚಕ ಆ ವಾಕ್ಯ ಓದಿದ್ದೇ ತಡ, ಬೆಲ್ಲದಚ್ಚು ಎದ್ದರು.

"ಅಮ್ಮಾ, ನಿಮ್ಮ ವಾಕ್ಯ ಬಂಗಾರ. ಒಂದಕ್ಷರ ತೆಗೀಬೇಡಿ. ಒಂದೇ ಒಂದು ಪದ ಸೇರಿಸ್ಕೊಳ್ಳಿ, ಸಾಕು."

"ಯಾವುದು?"

"ಸಾಧ್ಯವಾದಷ್ಟು. ಪಾಪ, ಯಾರಿಗೂ ಬಲವಂತ ಆಗ್ಬಾರದಲ್ಲ."

"ಎಲ್ಲಿ ಸೇರಿಸ್ಲಿ?" ಎಂದು ವಾಚಕ ಕೇಳಿದ.

"ತೆರಿಗೆ ಅನ್ನೋದಕ್ಕೆ ಮುಂಚೆ, ಅಂಟಿಕೊಂಡ ಹಾಗೆ ಹಾಕಿ. ದೂರ ಇಟ್ರೆ ಓದೋರು ಮರೆತುಬಿಡ್ತಾರೆ."

ಸಭೆ ಕಾಫಿಗೆ ಎದ್ದಿತು. ಅತ್ತಿಗೆಯ ಮುಖ ಸಪ್ಪಗಾಗಿತ್ತು.

"ಮುಗೀತು ಕಣೋ. ಸಾಧ್ಯವಾದಷ್ಟು ಅಂದ್ಮೇಲೆ ಯಾವ ದೇಶಕ್ಕೆ ಸಾಧ್ಯ ಆಗುತ್ತೆ ಹೇಳು."

"ಎಷ್ಟು ಹಾಕ್ಲಿ ಮೇಡಂ?" ಕಾಫಿಯವರು ಕೇಳಿದರು.

"ಸಾಧ್ಯವಾದಷ್ಟು ಹಾಕಪ್ಪ," ಎಂದಳು ಅತ್ತಿಗೆ ಕಹಿಯಾಗಿ.

ಅವರು ಸುರಿಯುತ್ತಲೇ ಹೋದರು. ಲೋಟ ತುಂಬಿ ತುಳುಕಿತು. "ಬಸಿಗೂ ಹಾಕ್ಲಾ?"

ಅತ್ತಿಗೆ ಲೋಟವನ್ನೇ ನೋಡುತ್ತ ನಿಂತಳು. "ಏ, ಆ ವಾಕ್ಯ ಇನ್ನೊಂದ್ಸಲ ಹೇಳು. ನಿಧಾನಕ್ಕೆ."

ವಾಚಕ ತಂದೆಯ ಮಡಿಲಲ್ಲಿ ಕೂತು ಪದ್ಯ ಕೇಳುತ್ತ ಬೆಳೆದವನು. ಉಸಿರು ನಿಲ್ಲಿಸುವ ಜಾಗ ಬದಲಾದರೆ ದೇವರ ಸ್ತುತಿಯೂ ಬೈಗುಳವಾಗುತ್ತದೆ ಎಂದು ತಂದೆ ಕಿವಿ ಹಿಂಡಿ ಕಲಿಸಿದ್ದರು. ಮೆಲ್ಲಗೆ ಹೇಳಿದ: "ಎಲ್ಲ ದೇಶಗಳೂ... ಸಾಧ್ಯವಾದಷ್ಟು ತೆರಿಗೆ... ವಿಧಿಸಬೇಕು."

ಇಬ್ಬರೂ ತಲೆ ತಗ್ಗಿಸಿದರು. ಅತ್ತಿಗೆಯ ಭುಜ ನಗುವಿಗೆ ಕುಲುಕುತ್ತಿತ್ತು.

"ಅತ್ತಿಗೆ, ಇದು ಮೋಸ ಅಲ್ವಾ?"

"ಪದ ಯಾರದು?"

"ಅವರದು."

"ಜಾಗ ತೋರಿಸಿದ್ದು?"

"ಅವರೇ."

"ನಿನ್ನ ಉಸಿರು?"

"ದೇವರದು."

"ಮತ್ತೇನು, ನಡಿ."

ಸಭೆ ಮತ್ತೆ ಕೂಡಿದಾಗ ಅತ್ತಿಗೆ ಸೋತ ಮುಖ ಮಾಡಿಕೊಂಡು, ಒಕ್ಕೂಟದ ಪದಕ್ಕೆ ತನ್ನ ತಕರಾರಿಲ್ಲ ಎಂದಳು. ಬೆಲ್ಲದಚ್ಚು ಎದೆಯ ಮೇಲೆ ಕೈಯಿಟ್ಟು ಬಾಗಿದರು. ವಾಚಕ ಮನಸ್ಸಿನಲ್ಲೇ ಕೈಮುಗಿದು, ಉಸಿರನ್ನು ನಿಲ್ಲಿಸಬೇಕಾದಲ್ಲಿ ನಿಲ್ಲಿಸಿ ಓದಿದ.

ಖಜಾನೆ ಬರಿದಾದ ದೇಶವೊಂದರ ಹಣಕಾಸು ಮಂತ್ರಿ, ಅಲ್ಲಿಯವರೆಗೆ ತೂಕಡಿಸುತ್ತಿದ್ದವರು, ಕಣ್ಣು ಬಿಟ್ಟರು. "ನಮಗೆ ಪೂರ್ತಿ ಒಪ್ಪಿಗೆ. ಸಾಧ್ಯವಾದಷ್ಟು ಅಂದ್ರೆ ಇಂತಿಷ್ಟೇ ಅಂತ ಮಿತಿ ಇಲ್ಲ ತಾನೇ?" ಹಿಂದಿನ ಸಾಲುಗಳಲ್ಲಿ ಮೇಜು ಕುಟ್ಟುವ ಸದ್ದು ಶುರುವಾಯಿತು.

ಬೆಲ್ಲದಚ್ಚು ಬೆವರತೊಡಗಿದರು. "ನಾನು ಹೇಳಿದ್ದು ಆ ಅರ್ಥದಲ್ಲಲ್ಲ. 'ಸಾಧ್ಯವಾದರೆ' ಅಂತ ಮಾಡ್ಕೊಳ್ಳಿ."

"ಅದು ಎರಡನೇ ತಿದ್ದುಪಡಿ ಆಗುತ್ತೆ," ಎಂದರು ಅಧ್ಯಕ್ಷರು. "ಒಂದು ವಾಕ್ಯಕ್ಕೆ ಒಬ್ಬರಿಗೆ ಒಂದೇ. ಡಾಕ್ಟರಮ್ಮನ ಬಾಯಿ ಕಟ್ಟೋಕೆ ಈ ನಿಯಮ ತರಿಸಿದ್ದು ನೀವೇ ಅಲ್ವಾ ಸ್ವಾಮಿ? ಬೇಕಿದ್ರೆ ಕೊಟ್ಟಿದ್ದನ್ನ ವಾಪಸ್ ತಗೊಳ್ಳಿ."

ಬೆಲ್ಲದಚ್ಚು ಮಂತ್ರಿಯ ಕಡೆ ನೋಡಿದರು. ಮಂತ್ರಿ ಆಗಲೇ ಪಕ್ಕದವರ ಜೊತೆ ಲೆಕ್ಕ ಹಾಕುತ್ತಿದ್ದರು.

"ವಾಪಸ್ ತಗೋತೀನಿ."

"ಅಯ್ಯೋ, ಬೇಡ," ಎಂದು ಅತ್ತಿಗೆ ಎದ್ದಳು. "ಎಷ್ಟು ಒಳ್ಳೇ ಪದ. ನಂಗೆ ಈಗ ತಾನೇ ಹಿಡಿಸ್ತಿತ್ತು."

"ಇಲ್ಲಮ್ಮ, ದಯವಿಟ್ಟು. ನಿಮ್ಮ ವಾಕ್ಯ ಮೊದಲು ಹೇಗಿತ್ತೋ ಹಾಗೇ ಇರಲಿ. ಕೈಮುಗೀತೀನಿ."

"ಅಷ್ಟು ಹೇಳ್ತಿದ್ದೀರಲ್ಲ, ಆಗ್ಲಿ."

ಈ ಸಲ ವಾಚಕ ಒಂದೇ ಉಸಿರಿನಲ್ಲಿ ಓದಿದ. ಅಧ್ಯಕ್ಷರು ಸುತ್ತಿಗೆ ಬಡಿದರು.

ಹೊರಗಿನ ಪಡಸಾಲೆಯಲ್ಲಿ ಅತ್ತಿಗೆ ಗಂಡನಿಗೆ ಫೋನು ಮಾಡಿದಳು. "ರೀ, ನಾನು ಈ ಕೆಲಸ ಬಿಡಲ್ಲ."

"ಗೆದ್ದೆ ಅನ್ನು."

"ನಾನೆಲ್ಲಿ ಗೆದ್ದೆ. ಅವರೇ ಬೇಡ್ಕೊಂಡ್ರು, ಕೊಟ್ಟೆ."

ಒಳಗೆ ವಾಚಕ ಕರಡಿನಲ್ಲಿ ಮುಂದಿದ್ದ ಉಪ್ಪಿನ ವಾಕ್ಯ ತೆಗೆದು ಗಂಟಲು ಸರಿಮಾಡಿಕೊಳ್ಳುತ್ತಿದ್ದ.